ಹಡಗು ಬಿಟ್ಟು ಹೋದ

ಕನ್ನಡ ಸಂಘದ ಯುಗಾದಿಗೆ ಹದಿನೈದು ನಿಮಿಷ ಮಾತಾಡಿ, ವಿಷಯ ನಿಮ್ಮಿಷ್ಟ ಎಂದು ಸಮಿತಿಯವರು ನನಗೆ ಫೋನ್ ಮಾಡಿದ್ದು ಅವರ ತಪ್ಪು. ಚರಿತ್ರೆ ಪಾಠ ಮಾಡುವವಳು, ಹಂಪಿಯ ನಾಲ್ಕು ಸ್ಲೈಡ್ ತೋರಿಸಿ ಇಳಿಯುತ್ತಾಳೆ ಎಂದು ಅವರು ಎಣಿಸಿದ್ದಿರಬೇಕು. ನಾನು ಹದಿನೆಂಟನೆಯ ಶತಮಾನದ ಇಂಗ್ಲಿಷ್ ನೌಕಾಪಡೆಯ ನಾವಿಕರ ಸಂಬಳದ ಬಗ್ಗೆ, ಆ ಸಂಬಳವನ್ನೂ ಬಿಟ್ಟು ಓಡಿಹೋದವರ ಬಗ್ಗೆ ಹೇಳುತ್ತೇನೆ ಎಂದೆ. ಆಯ್ತು ಮೇಡಂ, ಸ್ವಲ್ಪ ಇಂಟರೆಸ್ಟಿಂಗ್ ಆಗಿರ್ಲಿ, ಲಂಚ್‌ಗೆ ಮುಂಚೆ ನಿಮ್ಮ ಸ್ಲಾಟ್ ಎಂದು ಫೋನ್ ಇಟ್ಟರು.

ನನ್ನ ವಿಷಯಕ್ಕೆ ಯಾರೂ ಮುಖ ಅರಳಿಸಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಅಮೆರಿಕದಲ್ಲಿ, ಪ್ರಿನ್ಸ್‌ಟನ್ ಹತ್ತಿರ ಎರಡು ಕಾಲೇಜಿನಲ್ಲಿ ಅರೆಕಾಲಿಕವಾಗಿ ಪಾಠ ಮಾಡುತ್ತೇನೆ. ಅಲ್ಲಿನ ಹುಡುಗರಿಗೂ ಹಡಗೆಂದರೆ ಕಡಲ್ಗಳ್ಳರು ಬೇಕು, ಸಂಬಳದ ಪಟ್ಟಿ ಬೇಡ. ಮೈಸೂರಿನಲ್ಲಿ ಹುಟ್ಟಿ ಸಮುದ್ರವನ್ನೇ ನೋಡದೆ ಬೆಳೆದವಳಿಗೆ ಇಂಗ್ಲಿಷರ ಹಡಗಿನ ಉಸಾಬರಿ ಏಕೆ ಎಂದು ಅಮ್ಮ ಕೊನೆಯವರೆಗೂ ಕೇಳುತ್ತಿದ್ದಳು. ಅವಳಿಗೆ ನಾನು ಸರಿಯಾದ ಉತ್ತರ ಕೊಡಲೇ ಇಲ್ಲ. ಜನ ಯಾವುದನ್ನು ಬಿಟ್ಟು ಹೋಗುತ್ತಾರೆ, ಎಷ್ಟು ಕಳೆದುಕೊಂಡರೂ ಪರವಾಗಿಲ್ಲ ಎಂದು ಯಾವಾಗ ಅನ್ನಿಸುತ್ತದೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇದೆ, ಅಷ್ಟೆ.

ಭಾಷಣ ಬರೆಯಲು ಕೂತಾಗ ಒಂದು ವಿಚಿತ್ರ ತೊಂದರೆ ಎದುರಾಯಿತು. ಇಷ್ಟು ವರ್ಷ ಓದಿದ್ದನ್ನು ನಾನು ಒಮ್ಮೆಯೂ ಕನ್ನಡದಲ್ಲಿ ಹೇಳಿರಲಿಲ್ಲ. ಆ ನೌಕಾಪಡೆಯ ಹಾಜರಿ ಪುಸ್ತಕಗಳಲ್ಲಿ ಹಡಗಿನಿಂದ ಇಳಿದ ಪ್ರತಿಯೊಬ್ಬನ ಹೆಸರಿನ ಮುಂದೆ ಒಂದು ಗುರುತು ಇರುತ್ತದೆ. ಒಂದು ಡಿ ಎಂದರೆ ನಿಯಮದ ಪ್ರಕಾರ ಹಡಗು ಬಿಟ್ಟವನು. ಎರಡು ಡಿ ಎಂದರೆ ಸತ್ತವನು. ಆರ್ ಎಂದರೆ ಓಡಿಹೋದವನು. ಆರ್‌ಗೆ ಕನ್ನಡದಲ್ಲಿ ಪತ್ರಿಕೆಯ ‘ಪರಾರಿ’ ಹಾಕಿದರೆ ಸರ ಕದ್ದವನಂತೆ ಕಾಣುತ್ತಿದ್ದ. ನಿಘಂಟಿನ ‘ಪಲಾಯನ’ ಬಾಯಲ್ಲಿ ಹೊರಳಲಿಲ್ಲ. ಡಿಗೆ ‘ಬಿಡುಗಡೆ’ ಎಂದರೆ ಜೈಲಿನಿಂದ ಬಂದ ಹಾಗಾಗುತ್ತಿತ್ತು. ಕೊನೆಗೆ ಸುಮ್ಮನೆ ಮನೆಮಾತಿನಲ್ಲಿ ಬರೆದೆ: ಡಿ ಎಂದರೆ ‘ಹೋದ’, ಆರ್ ಎಂದರೆ ‘ಓಡಿಹೋದ’. ಎರಡು ಡಿಗೆ ಏನು ಬರೆಯಲಿ ಎಂದು ಯೋಚಿಸಿದರೆ ಅದಕ್ಕೂ ‘ಹೋದ’ ಎಂದೇ ಬಂತು. ನಮ್ಮಲ್ಲಿ ಸತ್ತವನೂ ಹೋದ, ಬಸ್ ಹತ್ತಿದವನೂ ಹೋದ. ಇದನ್ನೇ ಒಂದು ತಮಾಷೆ ಮಾಡೋಣ ಎಂದುಕೊಂಡೆ.

ಯುಗಾದಿ ನಡೆದದ್ದು ಬಾಡಿಗೆಗೆ ಹಿಡಿದ ಒಂದು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ನನಗಿಂತ ಮುಂಚೆ ಮಕ್ಕಳ ವೇಷಭೂಷಣ ಸ್ಪರ್ಧೆ. ಕಿತ್ತೂರು ಚೆನ್ನಮ್ಮನಾಗಿದ್ದ ಮಗುವೊಂದು ತನ್ನ ಡೈಲಾಗು ಮರೆತು ಇಂಗ್ಲಿಷಿನಲ್ಲಿ ಸಾರಿ ಕೇಳಿ ಇಳಿದುಹೋಗಿತ್ತು. ಹಿಂಬದಿಯಿಂದ ಬಿಸಿಬೇಳೆಬಾತಿನ ಟ್ರೇಗಳನ್ನು ಬಿಚ್ಚಿದ ವಾಸನೆ. ಇಂಥ ಹೊತ್ತಿನಲ್ಲಿ ನಾವಿಕರ ಸಂಬಳದ ಕಥೆ ಕೇಳಲು ಯಾರಿಗೆ ವ್ಯವಧಾನ? ಆದರೂ ಶುರು ಮಾಡಿದೆ.

ಆ ಕಾಲದ ನೌಕಾಪಡೆ ನಾವಿಕನಿಗೆ ತಿಂಗಳು ತಿಂಗಳು ಸಂಬಳ ಕೊಡುತ್ತಿರಲಿಲ್ಲ, ಒಂದಷ್ಟು ತಿಂಗಳಿನದನ್ನು ಯಾವಾಗಲೂ ಹಿಡಿದಿಟ್ಟುಕೊಳ್ಳುತ್ತಿತ್ತು ಎಂದೆ. ಕೆಲವು ಹಡಗುಗಳಲ್ಲಿ ಅದು ವರ್ಷಗಟ್ಟಲೆ ಬಾಕಿ. ಒಂದು ಹಡಗಿನಿಂದ ಇನ್ನೊಂದಕ್ಕೆ ವರ್ಗ ಮಾಡಿದರೆ ಕೈಗೆ ಚೀಟಿ ಬರುತ್ತಿತ್ತು, ಕಾಸಲ್ಲ; ಆ ಚೀಟಿಯನ್ನು ಬಂದರಿನ ದಲ್ಲಾಳಿ ಅರ್ಧ ಬೆಲೆಗೆ ಕೊಳ್ಳುತ್ತಿದ್ದ. ಓಡಿಹೋದರೆ ಬಾಕಿಯೆಲ್ಲ ಮುಟ್ಟುಗೋಲು. ಅವನನ್ನು ಹಡಗಿಗೆ ಕಟ್ಟಿಹಾಕಲು ಹೊಡೆತಕ್ಕಿಂತ ಇದೇ ದೊಡ್ಡ ಹಗ್ಗ. ನಮ್ಮಲ್ಲಿ ಸ್ಟಾಕ್ ವೆಸ್ಟ್ ಆಗಿ ಕಂಪೆನಿಯ ಷೇರು ಕೈಗೆ ಬರಲಿ ಅಂತ, ಗ್ರೀನ್ ಕಾರ್ಡ್ ಬರಲಿ ಅಂತ ಬೇಡದ ಕೆಲಸದಲ್ಲಿ ಕೂತವರು ಎಷ್ಟು ಜನ ಇದ್ದೀರಿ ಎಂದು ಕೇಳಿದೆ. ಅಲ್ಲಿಗೆ ಸಭೆ ಎಚ್ಚರವಾಯಿತು. ಇನ್ನು ನಮ್ಮ ಪಕ್ಕದ ಈ ನ್ಯೂಯಾರ್ಕೇ ಅವರ ಪಾಲಿಗೆ ದೊಡ್ಡ ತಲೆನೋವಾಗಿತ್ತು, ಇಲ್ಲಿ ವ್ಯಾಪಾರದ ಹಡಗಿನವರು ಹೆಚ್ಚು ಸಂಬಳ ಕೊಡುತ್ತಿದ್ದರಿಂದ ನೌಕಾಪಡೆಯವರು ಇಲ್ಲಿ ಇಳಿದರೆ ಮರಳಿ ಹತ್ತುತ್ತಿರಲಿಲ್ಲ ಎಂದಾಗ ಯಾರೋ ನಾವೂ ಅಷ್ಟೇ ಎಂದು ಕೂಗಿದರು, ಎಲ್ಲರೂ ನಕ್ಕರು.

ಆಮೇಲೆ ಗುರುತುಗಳ ತಮಾಷೆ ಹೇಳಿದೆ. ಒಂದು ಸಲ ಹೋದ ಅಂದರೆ ಹಡಗು ಬಿಟ್ಟ, ಎರಡು ಸಲ ಹೋದ ಹೋದ ಅಂದರೆ ತೀರಿಕೊಂಡ. ಓಡಿಹೋದವನ ತಾಯಿಯೋ ಹೆಂಡತಿಯೋ ಅರ್ಜಿ ಹಾಕಿ, ನನ್ನವನು ಓಡಿದ್ದಲ್ಲ, ಜ್ವರ ಬಂದು ದಡದಲ್ಲಿ ಉಳಿದದ್ದು ಎಂದು ಸಾಧಿಸಿದರೆ ಆ ಆರ್ ಅಕ್ಷರವನ್ನು ಹೊಡೆದುಹಾಕುತ್ತಿದ್ದರು, ಅಂಥ ಅರ್ಜಿಗಳನ್ನು ನಾನು ಓದಿದ್ದೇನೆ ಎಂದು ಮುಗಿಸಿದೆ. ಚಪ್ಪಾಳೆ ಚೆನ್ನಾಗಿಯೇ ಬಂತು. ಅರ್ಧ ನನಗೆ, ಅರ್ಧ ಊಟಕ್ಕೆ.

ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹಿರಿಯರು ಪಕ್ಕ ಬಂದು ನಿಂತರು. ಜರ್ಸಿ ಸಿಟಿಯ ಅಂಕಲ್ ಎಂದೇ ನಮಗೆಲ್ಲ ಗೊತ್ತು. ಎತ್ತರದ ಆಳು, ಕುಂದಾಪುರ ಕಡೆಯವರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮರ್ಚೆಂಟ್ ನೇವಿಯಲ್ಲಿದ್ದರಂತೆ ಎಂದು ಜನ ಗೌರವದಿಂದ ಹೇಳುತ್ತಿದ್ದರು. ಆಮೇಲೆ ಅಪಾರ್ಟ್‌ಮೆಂಟ್ ಕಟ್ಟಡಗಳ ಬಾಯ್ಲರ್ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಭಾಷಣ ಲಾಯ್ಕಾಯ್ತು ಎಂದರು. ನಾನು ಥ್ಯಾಂಕ್ಸ್ ಹೇಳಿ ಹಪ್ಪಳಕ್ಕೆ ಕೈ ಹಾಕಿದೆ. ಅವರು ಅಲ್ಲಿಂದ ಕದಲಲಿಲ್ಲ.

“ಆ ಆರ್ ತೆಗ್ಸಲಿಕ್ಕೆ ಅರ್ಜಿ ಹಾಕ್ತಿದ್ರು ಅಂದ್ರಲ್ಲ,” ಎಂದರು. “ಈಗ ಹಾಕುದಾದ್ರೆ ಯಾರ ಹತ್ರ ಹಾಕುದು?”

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ರೈಲು ಬಸ್ಸು ಬದಲಾಯಿಸಿಕೊಂಡು ಬಂದಿದ್ದರು, ಹಾಗಾಗಿ ನಾನೇ ಮನೆಗೆ ಬಿಡುತ್ತೇನೆ ಎಂದೆ. ನನ್ನ ಮನೆ ಇರುವುದು ಪೂರ್ತಿ ಉಲ್ಟಾ ದಿಕ್ಕಿಗೆ. ಆದರೂ ಆ ಪ್ರಶ್ನೆಯನ್ನು ಸಾಲಿನಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಟರ್ನ್‌ಪೈಕ್ ಹೆದ್ದಾರಿಯಲ್ಲಿ ನ್ಯೂವರ್ಕ್ ಬಂದರಿನ ಕ್ರೇನುಗಳು ಕಾಣಿಸಿದ ಮೇಲೆ ಅವರು ಶುರು ಮಾಡಿದರು. ಇಪ್ಪತ್ತರ ಹುಡುಗನಾಗಿದ್ದಾಗ ಸರಕು ಹಡಗಿನ ಎಂಜಿನ್ ರೂಮಿಗೆ ಸೇರಿದ್ದು, ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ. ತಂದೆತಾಯಿ ಇರಲಿಲ್ಲ, ಸಾಕಿದ್ದು ಅಕ್ಕ. ಅಕ್ಕನ ಗಂಡನೂ ಹಡಗಿನವರೇ; ಹಡಗಿಗೆ ಆಳು ಸೇರಿಸುವ ಮುಂಬಯಿಯ ಮೇಸ್ತ್ರಿ, ಅಂದರೆ ಸಾರಂಗನ ಹತ್ತಿರ, ಹುಡುಗ ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟು ಸೇರಿಸಿದ್ದರು. ಸಂಬಳದ ಒಂದು ಪಾಲು ಮನೆಗೆ, ಉಳಿದದ್ದು ಮುಂಬಯಿಗೆ ವಾಪಸು ಬಂದ ಮೇಲೆ ಎಂದು ಕರಾರು. ಹಡಗು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಸರಕು ಇಳಿಸುತ್ತಾ ನಿಂತಿತ್ತು. ಇವರು ದಡಕ್ಕೆ ಹೋಗುವ ಪಾಸ್ ತೆಗೆದುಕೊಂಡು ಇಳಿದರು, ಒಂದು ಹೋಟೆಲಿನ ಕಿಟಕಿಯಲ್ಲಿ ಆಳು ಬೇಕಾಗಿದೆ ಎಂಬ ಬೋರ್ಡು ನೋಡಿದರು, ಒಳಗೆ ಹೋಗಿ ಪಾತ್ರೆ ತೊಳೆಯಲು ನಿಂತರು. ಹಡಗು ಇವರನ್ನು ಬಿಟ್ಟು ಹೊರಟಿತು. ಬಾಕಿ ಸಂಬಳ, ಪೆಟ್ಟಿಗೆ, ಅಕ್ಕ ಹೊಲಿಸಿಕೊಟ್ಟ ಅಂಗಿ ಎಲ್ಲ ಅದರಲ್ಲೇ ಹೋಯಿತು.

“ಓಡ್ಲಿಲ್ಲ ಮಾರಾಯ್ತಿ,” ಎಂದರು. “ನಡ್ಕೊಂಡೇ ಹೋದದ್ದು.”

ಕಾರಣ ಏನು ಎಂದು ಕೇಳಿದೆ. ಹೊಡೆದರೇ, ಹಸಿವೇ, ಯಾರಾದರೂ ಹೀಯಾಳಿಸಿದರೇ? ನನ್ನ ಪಟ್ಟಿಯ ಕಾರಣಗಳೆಲ್ಲ ಒಂದೊಂದಾಗಿ ಮುಂದಿಟ್ಟೆ. ಅವರು ಯಾವುದಕ್ಕೂ ತಲೆಯಾಡಿಸಲಿಲ್ಲ. ಆ ದಿನ ಬಿಸಿಲು ಚೆನ್ನಾಗಿತ್ತು, ಕೆಳಗೆ ಎಂಜಿನ್ ರೂಮಿಗೆ ಇಳಿಯಲು ಮನಸ್ಸು ಬರಲಿಲ್ಲ, ಅಷ್ಟೇ ನೆನಪಿರುವುದು ಎಂದರು. ನಾನು ಎರಡು ಕಾಲೇಜಿನಲ್ಲಿ ಈ ಕಾರಣಗಳ ಮೇಲೆಯೇ ಮೂರು ವಾರದ ಪಾಠ ಮಾಡುತ್ತೇನೆ.

ಮೊದಮೊದಲು ಹಿಡಿದು ಕಳಿಸುತ್ತಾರೆಂಬ ಭಯಕ್ಕೆ ಕಾಗದ ಬರೆಯಲಿಲ್ಲವಂತೆ. ಮುಂದೆ ಕಾಗದಪತ್ರವಿಲ್ಲದವರಿಗೆ ಇಲ್ಲಿನ ಸರ್ಕಾರ ಒಮ್ಮೆ ಮಾಫಿ ಕೊಟ್ಟಾಗ ಕಾನೂನಿನ ಭಯ ಹೋಯಿತು, ನಾಚಿಕೆ ಉಳಿಯಿತು. ಆಗ ಧೈರ್ಯ ಮಾಡಿ ಒಂದು ಸಲ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದರು. ತಮ್ಮ ಹೆಸರು ಹೇಳದೆ, ಆ ಮನೆಯ ಹುಡುಗನ ಸುದ್ದಿ ಏನು ಎಂದು ಮೂರನೆಯವರಂತೆ ವಿಚಾರಿಸಿದರು. ಆ ಕಡೆಯವನು ಹೇಳಿದ ಮಾತನ್ನು ನನಗೆ ಅದೇ ಧಾಟಿಯಲ್ಲಿ ಹೇಳಿ ತೋರಿಸಿದರು.

“ಅವನಾ? ಅವ ಹೋದ್ನಲೆ, ಎಷ್ಟೋ ವರ್ಷ ಆಯ್ತ್. ಅವ್ನ ಅಕ್ಕನ ಹತ್ರ ಮಾತ್ರ ಅವ್ನ ಹೆಸ್ರು ಎತ್ತೂಕಾಗ.”

ಅಕ್ಕನಿಗೆ ಹೆಸರು ಎತ್ತಬಾರದು ಎನ್ನುವಷ್ಟು ಸಿಟ್ಟು. ಬಿಟ್ಟು ಹೋದವನ ಮೇಲೆ ಇರಬೇಕಾದದ್ದೇ ಎಂದುಕೊಂಡು ಅಂಕಲ್ ಫೋನ್ ಇಟ್ಟರು. ಮತ್ತೆ ಮಾಡಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಆ ಸಿಟ್ಟನ್ನು ಹೊತ್ತುಕೊಂಡೇ ಇದ್ದರು. ಅಕ್ಕ ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ, ಇದ್ದರೆ ಎಂಬತ್ತು ದಾಟಿರುತ್ತದೆ, ಇದ್ದರೆ ಒಂದು ಸಲ ಅವಳ ಮುಖ ನೋಡಬೇಕು ಎಂದರು. ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಂಕಲ್, ವಿಮಾನ ಹಾರುತ್ತಿರಲಿಲ್ಲವೇ, ಅಂಚೆ ಕಚೇರಿ ಮುಚ್ಚಿತ್ತೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಟೋಲಿಗೆಂದು ಜೇಬಿನಿಂದ ನೋಟು ತೆಗೆದು ನನ್ನ ಕಡೆ ಚಾಚಿದರು.

ಅಕ್ಕನನ್ನು ಹುಡುಕುವುದು ಕಷ್ಟವೇ ಆಗಲಿಲ್ಲ ಎಂಬುದೇ ಹೊಟ್ಟೆ ಉರಿಸುವ ಸಂಗತಿ. ಊರಿನ ದೇವಸ್ಥಾನದವರ ಫೇಸ್‌ಬುಕ್ ಪುಟ ಇತ್ತು, ಅದರಲ್ಲಿ ಅನ್ನಸಂತರ್ಪಣೆಗೆ ದುಡ್ಡು ಕೊಟ್ಟವರ ಸಾಲಿನಲ್ಲಿ ಆ ಮನೆತನದ ಹೆಸರಿತ್ತು. ಅಕ್ಕನ ಮಗ ಮೀನಿಗೆ ಮಂಜುಗಡ್ಡೆ ಮಾಡುವ ಐಸ್ ಪ್ಲಾಂಟ್ ನಡೆಸುತ್ತಿದ್ದ, ಅವನ ನಂಬರೂ ಅಲ್ಲೇ ಸಿಕ್ಕಿತು. ಅಂಕಲ್ ಮೊದಲು ಮಾತಾಡಲು ಒಪ್ಪಲಿಲ್ಲ. ಅವಳು ನನ್ನ ದನಿ ಕೇಳಿ ಫೋನ್ ಇಟ್ಟುಬಿಟ್ಟರೆ ಎಂದು ಹೆದರಿದರು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅವರ ಫ್ಲ್ಯಾಟಿನಲ್ಲಿ ಕೂತು, ಅವರ ಎದುರೇ ನಾನು ಫೋನ್ ಮಾಡಿದೆ. ಅಮೆರಿಕದಲ್ಲಿ ಲೆಕ್ಚರರ್, ಹಳೇ ಕಾಲದ ಹಡಗಿನವರ ಮನೆಗಳ ಬಗ್ಗೆ ಬರೆಯುತ್ತಿದ್ದೇನೆ, ನಿಮ್ಮ ತಾಯಿಯವರ ಹತ್ತಿರ ಮಾತಾಡಬಹುದೇ ಎಂದೆ. ಮಗ ಬಹಳ ಮರ್ಯಾದೆಯಿಂದ ಮಾತಾಡಿದ. ಅಪ್ಪ ಇಲ್ಲ, ತೀರಿಕೊಂಡರು. ಅಮ್ಮ ಚೆನ್ನಾಗಿದ್ದಾರೆ, ಕಿವಿ ಚುರುಕು ಎಂದ. ಆಮೇಲೆ ಸ್ವರ ತಗ್ಗಿಸಿ ಒಂದು ಮಾತು ಸೇರಿಸಿದ.

“ನನ್ನ ಸೋದರಮಾವನೂ ಹಡಗಲ್ಲೇ ಇದ್ದದ್ದು ಮೇಡಂ. ಸಮುದ್ರದಲ್ಲೇ ತೀರಿಹೋದ್ರು, ನಾನು ಹುಟ್ಟುವ ಮುಂಚೆ. ಆ ವಿಷಯ ಮಾತ್ರ ಅಮ್ಮನ ಹತ್ರ ಎತ್ತಬೇಡಿ.”

ಫೋನ್ ಸ್ಪೀಕರಿನಲ್ಲಿತ್ತು. ಅಂಕಲ್ ಸೋಫಾದ ಅಂಚಿನಲ್ಲಿ ಕೂತಿದ್ದವರು ಹಾಗೇ ಇದ್ದರು, ಕಣ್ಣು ಮಾತ್ರ ನನ್ನ ಮೇಲಿತ್ತು. ನನಗೂ ತಕ್ಷಣ ಹೊಳೆಯಲಿಲ್ಲ. ಎಸ್‌ಟಿಡಿ ಬೂತಿನವನು ‘ಅವ ಹೋದ’ ಅಂದದ್ದು ಬಿಟ್ಟು ಹೋದ ಎಂದಲ್ಲ, ತೀರಿಹೋದ ಎಂದು. ಹೆಸರು ಎತ್ತಬೇಡ ಅಂದದ್ದು ಅಕ್ಕನ ಸಿಟ್ಟಿಗಲ್ಲ, ಅಕ್ಕನ ದುಃಖಕ್ಕೆ. ವೇದಿಕೆ ಮೇಲೆ ನಿಂತು ಅದೇ ಮಾತಿನ ಮೇಲೆ ಜನರನ್ನು ನಗಿಸಿದ ನನಗೂ ಕಾರಿನಲ್ಲಿ ಅದು ಕೇಳಿಸಿರಲಿಲ್ಲ.

ಅಷ್ಟರಲ್ಲಿ ಫೋನಿಗೆ ಮುದುಕಿಯ ದನಿ ಬಂತು. ಯಾರು ಎಂದು ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಅಂಕಲ್, ಅಕ್ಕಾ, ನಾನು ಎಂದುಬಿಟ್ಟರು. ಆ ಕಡೆ ಸಂಜೆಯ ಹೊತ್ತು, ಹಟ್ಟಿಯಲ್ಲಿ ದನ ಕೂಗುವುದು, ಯಾರೋ ಬಾವಿಗೆ ಕೊಡ ಇಳಿಸುವುದು ಕೇಳುತ್ತಿತ್ತು. ಆಕೆ ಮಗನನ್ನು ಕರೆದು, ಇಲ್ಲಿ ಕೇಳಿಸುತ್ತಿಲ್ಲ, ಹೊರಗೆ ಹೋಗಿ ಮಾತಾಡುತ್ತೇನೆ ಎಂದು ಹೇಳಿದ್ದು ಕೇಳಿಸಿತು. ಹೆಜ್ಜೆ ಸದ್ದು. ಆಮೇಲೆ ತೀರಾ ಹತ್ತಿರದಿಂದ ದನಿ ಬಂತು.

“ನೀನ್ ಬದ್ಕಿದ್ದೆ ಅಂತ ನಂಗೆ ಗೊತ್ತಿತ್ತ್.”

ಆಕೆ ಅಳಲಿಲ್ಲ. ನಡೆದದ್ದನ್ನು ನೆರೆಮನೆಯ ಸುದ್ದಿ ಹೇಳುವಂತೆ ಹೇಳಿದರು. ಕಂಪೆನಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂದಿತ್ತು. ಶಾಲೆಯ ಮಾಸ್ತರು ಓದಿ, ನಿನ್ನ ತಮ್ಮ ನ್ಯೂಯಾರ್ಕಿನಲ್ಲಿ ಹಡಗು ಬಿಟ್ಟು ಹೋದನಂತೆ ಎಂದರು. ಕಾಗದ ಮಡಚಿಕೊಂಡು ಮನೆಗೆ ಬರುವಾಗ ದಾರಿಯಲ್ಲಿ ಹೆಂಗಸರು ಸಿಕ್ಕಿ, ಮುಖ ಯಾಕೆ ಹೀಗಾಗಿದೆ, ಏನು ಸುದ್ದಿ ಎಂದು ಕೇಳಿದರು. ತಮ್ಮ ಹೋದ ಎಂದಷ್ಟೇ ಹೇಳಲು ಆಕೆಗೆ ಆಯಿತಂತೆ.

“ನಾನ್ ಸುಳ್ಳ್ ಹೇಳ್ಲಿಲ್ಲೆ. ಹೋದ ಅಂದೆ. ಅವ್ರೆಲ್ಲ ಮರ್ಕೂಕೆ ಶುರು ಮಾಡ್ರ್.”

ಮರ್ಕುವುದೆಂದರೆ ಅವರ ಕಡೆ ಅಳುವುದು. ಹೆಂಗಸರು ಅಳುತ್ತಾ ಮನೆಯವರೆಗೆ ಬಂದರು. ಸಂಜೆಯ ಹೊತ್ತಿಗೆ ಕೇರಿಯೆಲ್ಲ ಅಂಗಳದಲ್ಲಿತ್ತು. ಒಲೆ ಹಚ್ಚಬೇಡ ಎಂದು ಪಕ್ಕದ ಮನೆಯವರು ಗಂಜಿ ತಂದುಕೊಟ್ಟರು. ಅಷ್ಟಾದ ಮೇಲೆ, ಅಲ್ಲ, ಅವನು ಓಡಿಹೋದದ್ದು ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಿದ್ದರೆ ಜವಾಬ್ದಾರಿ ಹೊತ್ತ ಗಂಡನ ಮರ್ಯಾದೆಯೂ ಹೋಗುತ್ತಿತ್ತು, ಮಾತು ಹಬ್ಬಿದರೆ ಆ ಊರಿನ ಇನ್ನೊಬ್ಬ ಹುಡುಗನನ್ನು ಯಾವ ಸಾರಂಗನೂ ಹಡಗಿಗೆ ಸೇರಿಸುತ್ತಿರಲಿಲ್ಲ. ಗಂಡ ರಜೆಗೆ ಬಂದಾಗ ಅವರಿಗೆ ಮಾತ್ರ ನಿಜ ಹೇಳಿದರು. ಅವರು, ಊರಿನ ಪಾಲಿಗೆ ಹಾಗೇ ಇರಲಿ ಎಂದರು. ಹುಡುಗ ಓಡಿದ್ದು ಮುಂಬಯಿಯ ಸಾರಂಗನಿಗೆ ಗೊತ್ತಿದ್ದರಿಂದ ಅಲ್ಲಿ ಅವರಿಗೆ ಮತ್ತೆ ಹಡಗು ಸಿಗಲಿಲ್ಲ. ಮೊಣಕಾಲು ನೋವು, ಅದಕ್ಕೇ ಹೋಗುತ್ತಿಲ್ಲ ಎಂದು ಊರಿನಲ್ಲಿ ಹೇಳಿಕೊಂಡು, ಬಲೆ ರಿಪೇರಿ ಮಾಡುತ್ತಾ ದಿನ ಕಳೆದರಂತೆ.

ಈ ಮಾತಿಗೆ ಅಂಕಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಕ್ಕನ ಸಿಟ್ಟು ಹೊರಲು ಅವರು ತಯಾರಾಗಿ ಬಂದಿದ್ದರು, ಭಾವನ ಮೊಣಕಾಲಿಗೆ ತಯಾರಾಗಿರಲಿಲ್ಲ. ಕೈ ತೆಗೆದು, ಬರುತ್ತೇನೆ ಅಕ್ಕಾ, ಮುಂದಿನ ತಿಂಗಳೇ ಟಿಕೆಟ್ ಮಾಡಿಸುತ್ತೇನೆ ಎಂದರು.

“ಬೇಡ,” ಎಂದಿತು ಆ ದನಿ. “ನಾನ್ ಇಪ್ಪಲ್ಲಿವರೆಗೆ ಬರ್ಬೇಡ.”

ಆಕೆಯ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಕಾರಣವನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಅಂದು ಬಂದು ಅತ್ತವರಲ್ಲಿ ಕೆಲವರು ಇನ್ನೂ ಇದ್ದಾರೆ, ಅವರ ಕಣ್ಣೀರು ತೆಗೆದುಕೊಂಡಾಗಿದೆ, ಗಂಜಿ ಉಂಡಾಗಿದೆ. ಮಗ ಬುದ್ಧಿ ಬಂದಾಗಿನಿಂದ ಮಹಾಲಯ ಅಮಾವಾಸ್ಯೆಗೆ ಮಾವನ ಹೆಸರಿನಲ್ಲಿ ಒಂದು ಎಲೆ ಹಾಕಿ ಎಡೆ ಇಟ್ಟು ಕೈಮುಗಿಯುತ್ತಿದ್ದಾನೆ. ಅವನ ಮುಂದೆ ತಾನು ಸುಳ್ಳಿಯಾಗಿ ನಿಲ್ಲಲಾರೆ. ತನ್ನ ಗಂಡನೂ ಸುಳ್ಳರಾಗುತ್ತಾರೆ, ಅವರು ಉತ್ತರ ಕೊಡಲು ಇಲ್ಲ. ತಾನು ಸತ್ತ ಮೇಲೆ ಬೇಕಾದರೆ ಬಾ, ಆಗ ಯಾರು ಏನು ಕೇಳಿದರೂ ಅಡ್ಡಿಯಿಲ್ಲ ಎಂದರು. ನೀನೇ ಇಲ್ಲದ ಮೇಲೆ ನಾನು ಆ ಊರಿಗೆ ಬಂದು ಮಾಡುವುದೇನು ಎಂದು ಅಂಕಲ್ ಕೇಳಿದರು. ಅದಕ್ಕೆ ಆಕೆ, ಭಾನುವಾರ ಫೋನ್ ಮಾಡು, ಆ ಹುಡುಗಿಯ ಹತ್ತಿರವೇ ಮಾಡಿಸು ಎಂದು ಮಾತ್ರ ಹೇಳಿದರು.

ಆ ಹುಡುಗಿ ಎಂದರೆ ನಾನು, ಐವತ್ತೆಂಟು ವರ್ಷದವಳು. ಆ ಬೇಸಿಗೆಯೆಲ್ಲ ಭಾನುವಾರ ಬೆಳಿಗ್ಗೆ ಜರ್ಸಿ ಸಿಟಿಗೆ ಡ್ರೈವ್ ಮಾಡಿದೆ. ಮಗ ಎತ್ತಿದರೆ ಒಂದೆರಡು ಮಾತು, ಸಂಶೋಧನೆ ಹೇಗೆ ನಡೀತಿದೆ ಮೇಡಂ ಎಂದು ಅವನು ಕೇಳುವುದು, ಚೆನ್ನಾಗಿದೆ ಎಂದು ನಾನು ಹೇಳುವುದು. ಆಮೇಲೆ ಅಕ್ಕ ಫೋನ್ ತೆಗೆದುಕೊಂಡು ಅಂಗಳಕ್ಕೆ. ಇತ್ತ ನಾನು ಫೋನನ್ನು ಅಂಕಲ್ ಮುಂದಿಟ್ಟು ಅಡಿಗೆಮನೆಗೆ ಹೋಗಿ ಕಾಫಿ ಮಾಡುತ್ತಿದ್ದೆ. ಫ್ಲ್ಯಾಟು ಚಿಕ್ಕದು, ಎಲ್ಲ ಕೇಳುತ್ತಿತ್ತು.

ಎಷ್ಟೋ ವರ್ಷದ ನಂತರ ಸಿಕ್ಕ ಅಕ್ಕತಮ್ಮ ಏನೇನು ಮಾತಾಡಬಹುದು ಎಂದು ನಾನು ಊಹಿಸಿದ್ದೆನೋ ಅದೊಂದನ್ನೂ ಅವರು ಮಾತಾಡಲಿಲ್ಲ. ಮಾತೆಲ್ಲ ಆ ಕಾಲದ್ದು. ಹಿತ್ತಿಲಿನ ಪೇರಲೆ ಮರ, ದೋಣಿ ಮಗುಚಿದ ದಿನ, ಇವರು ಶಾಲೆ ತಪ್ಪಿಸಿ ಏಡಿ ಹಿಡಿಯಲು ಹೋಗಿ ಬೆರಳು ಕಚ್ಚಿಸಿಕೊಂಡದ್ದು. ಆಕೆ ಬೈಯುತ್ತಿದ್ದುದೂ ಆ ಹುಡುಗನನ್ನೇ. ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು ಎನ್ನುತ್ತಿದ್ದರು. ಇವರೂ ಹೂಂ ಅಕ್ಕಾ, ಹೂಂ ಅಕ್ಕಾ ಎನ್ನುತ್ತಿದ್ದರು. ದನಿ ಕೂಡ ಸಣ್ಣದಾಗಿಬಿಡುತ್ತಿತ್ತು. ಹೆಂಡತಿಯ ಬಗ್ಗೆ, ಬಾಯ್ಲರ್ ರೂಮುಗಳ ಬಗ್ಗೆ, ಎರಡು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡದ್ದರ ಬಗ್ಗೆ ಅವರು ಹೇಳಲೇ ಇಲ್ಲ. ಆಕೆ ಕೇಳಲೂ ಇಲ್ಲ. ವಿಡಿಯೋ ಕಾಲ್ ಮಾಡೋಣ, ಮುಖವನ್ನಾದರೂ ನೋಡಿ ಎಂದು ನಾನು ಎರಡು ಸಲ ಹೇಳಿದೆ. ಮಗನ ಫೋನಿನಲ್ಲಿ ಹೇಗಾಗುತ್ತದೆ, ಅವನು ನೋಡಿಬಿಟ್ಟರೆ ಎಂದು ಅಂಕಲ್ಲೇ ಬೇಡವೆಂದರು. ಒಂದು ಸಲ ಹೇಳದೆ ಕೇಳದೆ ಹೋಗಿ ಬಾಗಿಲಲ್ಲಿ ನಿಂತುಬಿಡಿ, ಅಕ್ಕ ಹೊರಗೆ ಹಾಕುತ್ತಾರೆಯೇ ಎಂದು ಗದರಿಸಿದೆ. ಒಂದು ಸಲ ಹೇಳದೆ ಕೇಳದೆ ಹೋದದ್ದೇ ಸಾಕು ಎಂದರು.

ಮಹಾಲಯ ಅಮಾವಾಸ್ಯೆಗೆ ಮುಂಚಿನ ಭಾನುವಾರ ಮಳೆ ಬರುತ್ತಿತ್ತು. ಅಂಕಲ್ ಅಂದು ಸ್ವಲ್ಪ ಸೋತಂತಿದ್ದರು, ಔಷಧಿಯ ಡಬ್ಬಿಯಿಂದ ಬೆಳಗಿನ ಮಾತ್ರೆಗಳನ್ನು ಇನ್ನೂ ತೆಗೆದಿರಲಿಲ್ಲ. ನಾನು ಕಾಫಿಗೆ ಹಾಲು ಇಟ್ಟಿದ್ದೆ. ಅಕ್ಕನ ದನಿಯಲ್ಲಿ ಆ ದಿನ ಏನೋ ಸಂಭ್ರಮವಿತ್ತು. ಪ್ರತಿ ವರ್ಷ ನಿನ್ನ ಎಲೆಗೆ ಹಾಲ್ಬಾಯಿ ಇಡುತ್ತೇನೆ ಎಂದರು. ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಕೈ ಬಿದ್ದುಹೋಗುವಷ್ಟು ಹೊತ್ತು ತಿರುವಿ ಮಾಡುವ ಸಿಹಿ ಅದು. ಚಿಕ್ಕಂದಿನಲ್ಲಿ ಇವರು ಬಾಣಲೆ ಕೆರೆದು ತಿನ್ನುತ್ತಿದ್ದರಂತೆ. ಸೊಸೆಗೆ ಅದರ ಹದ ಬರುವುದಿಲ್ಲ, ಅದಕ್ಕೇ ಈಗಲೂ ತಾನೇ ಒಲೆಯ ಮುಂದೆ ಕೂರುತ್ತೇನೆ ಎಂದರು. ಇಷ್ಟು ವರ್ಷ ತಾನೇ ನೆನಪು ಮಾಡಿಕೊಂಡು ಬಡಿಸಿದ್ದಾಯಿತು, ಈ ಸಲ ಕೇಳಲು ಆಗುತ್ತದಲ್ಲ ಎಂದು ನಕ್ಕರು.

“ಎಡೆಗೆ ಎಂತ ಇಡ್ಕ್ ಹೇಳ್.”

ಸತ್ತವರ ಎಲೆಗೆ ಏನು ಬಡಿಸಲಿ ಎಂದು ಸತ್ತವನನ್ನೇ ಕೇಳುವ ಆ ಪ್ರಶ್ನೆಗೆ ನನಗೆ ನಗು ಬಂದು, ಅದು ಅರ್ಧಕ್ಕೇ ನಿಂತಿತು. ಅಂಕಲ್, ಯಾವುದು ಆದರೂ ಆಗುತ್ತದೆ ಎಂದರು. ಇಲ್ಲ, ಸರಿಯಾಗಿ ಹೇಳು ಎಂದು ಆಕೆ ಪಟ್ಟು ಹಿಡಿದರು. ಆಗ ಇವರು, ದಿನವೂ ಯಾರಿಗಾದರೂ ಹೇಳುವ ಮಾತಿನಷ್ಟು ಸಹಜವಾಗಿ ಹೇಳಿಬಿಟ್ಟರು.

“ಹಾಲ್ಬಾಯಿ ಬೇಡ ಅಕ್ಕಾ. ನಂಗೆ ಶುಗರ್ ಇತ್ತ್.”

ಶುಗರ್ ಇದೆ ಎಂಬ ಆ ಮಾತಿಗೆ ನಾನು ಅಡಿಗೆಮನೆಯ ಬಾಗಿಲಿಗೆ ಬಂದೆ.

“ನಿಂಗಾ?” ಎಂದರು ಆಕೆ. “ಶುಗರಾ? ನಿಂಗ್ ಎಷ್ಟ್ ವರ್ಷ ಆಯ್ತಾ?”

ಎಪ್ಪತ್ತೈದು ಎಂದರು ಅಂಕಲ್. ಆಗ ಆಕೆ ಅತ್ತರು. ಕಾಗದ ಬಂದ ದಿನದ ಕಥೆ ಹೇಳುವಾಗ ಅಳದವರು, ಗಂಡನ ಕಥೆ ಹೇಳುವಾಗ ಅಳದವರು, ಬಾಯಿಗೆ ಸೆರಗು ಹಿಡಿದುಕೊಂಡು ಅಳುವುದು ಜರ್ಸಿ ಸಿಟಿಯ ಆ ಕೋಣೆಯಲ್ಲಿ ಕೇಳುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿತು, ನಾನು ಆರಿಸಲು ಹೋಗಲಿಲ್ಲ. ಅಳು ಸ್ವಲ್ಪ ತಗ್ಗಿದ ಮೇಲೆ ಆಕೆ ಒಂದೊಂದಾಗಿ ಕೇಳತೊಡಗಿದರು. ಹಲ್ಲು ಇವೆಯೇ, ತಲೆಯಲ್ಲಿ ಕೂದಲಿದೆಯೇ, ಅಪ್ಪನ ಹಾಗೆ ಬೆನ್ನು ಬಾಗಿದೆಯೇ, ಮೆಟ್ಟಿಲು ಹತ್ತಲು ಆಗುತ್ತದೆಯೇ, ಅಡಿಗೆ ಯಾರು ಮಾಡುತ್ತಾರೆ, ಜ್ವರ ಬಂದರೆ ಹತ್ತಿರ ಯಾರಿರುತ್ತಾರೆ. ಅಂಕಲ್ ಎಲ್ಲಕ್ಕೂ ಉತ್ತರ ಕೊಟ್ಟರು. ಹೆಂಡತಿಯ ಹೆಸರು ಹೇಳಿದರು, ಅವಳು ತೀರಿಕೊಂಡದ್ದನ್ನು ಹೇಳಿದರು, ಎದೆಯ ಸ್ಟೆಂಟಿನ ಬಗ್ಗೆಯೂ ಹೇಳಿದರು. ಊಟದ ಸಮಯವಾಯಿತು ಎಂದು ಆ ಕಡೆ ಮಗ ಕರೆಯುವವರೆಗೂ ಅವರು ಮಾತಾಡಿದರು. ಬಾ ಎಂದು ಮಾತ್ರ ಆಕೆ ಹೇಳಲಿಲ್ಲ, ಬರಲೇ ಎಂದು ಇವರೂ ಕೇಳಲಿಲ್ಲ.